ಎಲ್ಲಾ ಟಿವಿಗೆ, ಟಿವಿಯಿಂದ ಒಂದ ವಾಯರ್

ಹೋಂ ಥಿಯೇಟರ್ ಅಂದ್ರ ಗಂಡಸರ ಕೆಲಸ ಅಂತ ನಾವು ಹೆಣ್ಮಕ್ಕಳು ದೂರ ಇರ್ತೀವಿ. ಆದ್ರ ಮಧ್ಯಾಹ್ನ ಮನ್ಯಾಗ ಟಿವಿ ಮುಂದ ಕುಂದ್ರೋರು ಯಾರ್ರಿ? ನಾವು, ನಮ್ಮ ಅತ್ತೆಂದಿರು. ಹಂಗಾಗಿ ಇದು ನಮಗ ಗೊತ್ತಿರಬೇಕು.

ನಮ್ಮ ಅತ್ತಿಯವರಿಗೆ ಈಗ 82. ಕಿವಿ ಮಂದ ಆಗ್ಯಾವು. ಟಿವಿಯೊಳಗಿನ ಸಣ್ಣ ಸ್ಪೀಕರಿನ ಮಾತು ಅವರಿಗೆ ತಿಳೀತಿರಲಿಲ್ಲ. ಎಲ್ಲಾರೂ ನಕ್ರ ತಾವೂ ನಗೋರು, ಆಮ್ಯಾಲೆ "ಏನಂದ್ಳವಾ ಅಕಿ?" ಅಂತ ಕೇಳೋರು. ಬರ್ತಾ ಬರ್ತಾ ಕೇಳೋದೂ ಬಿಟ್ಟು, ಒಳಗಿನ ಖೋಲ್ಯಾಗ ಒಬ್ಬರ ಕುಂದ್ರಾಕ ಹತ್ತಿದ್ರು. ಮನ್ಯಾಗ ಹೋಂ ಥಿಯೇಟರ್ ಇತ್ತು. ಆದ್ರ ಬೆಂಗಳೂರಾಗಿನ ಮಗ ರಟ್ಟೀಹಳ್ಳಿಗೆ ಬಂದಾಗಷ್ಟ ಅದಕ್ಕ ಜೀವ.

ರಾಣೇಬೆನ್ನೂರಿನ ತಂಗಿ ಮಗಳು ಬಂದಾಗ, "ನೀ ಹೇಳಷ್ಟ, ನಾ ಮಾಡ್ತೀನಿ" ಅಂದೆ. ಅಕಿ ಹೇಳಿದ್ದು ಇಷ್ಟ: ಸೆಟ್ ಟಾಪ್ ಬಾಕ್ಸ್, ಡಿವಿಡಿ, ಫೈರ್ ಸ್ಟಿಕ್ ಎಲ್ಲಾನೂ ಟಿವಿಗೆ ಹಚ್ಚು, ಟಿವಿಯಿಂದ ಹೋಂ ಥಿಯೇಟರಿಗೆ ಒಂದ ವಾಯರ್ ಬಿಡು. ಬೋರಿನ ನೀರು, ನಳದ ನೀರು ಎರಡೂ ಟಾಕಿಗೆ ಬಂದು, ಅಲ್ಲಿಂದ ಒಂದ ಪೈಪು ಅಡಗಿಮನಿಗೆ ಇಳಿತೈತಲ್ಲ, ಹಂಗ.

ಮೊದಲು ಎಲ್ಲಾ ಸ್ವಿಚ್ ಬಂದ್ ಮಾಡ್ರಿ. ಟಿವಿ ಹಿಂದ ಎಚ್‌ಡಿಎಂಐ ತೂತು ಎರಡೋ ಮೂರೋ ಇರ್ತಾವು. ಒಂದರ ಬಾಜೂಕ ಇಂಗ್ಲಿಷ್‌ನ್ಯಾಗ ಎಆರ್‌ಸಿ ಅಂತ ಬರದಿರ್ತಾರ. ಹೋಂ ಥಿಯೇಟರಿನ ವಾಯರ್ ಅದಕ್ಕ ಹಚ್ಚಬೇಕು, ಬ್ಯಾರೇದಕ್ಕ ಹಚ್ಚಿದ್ರ ಟಿವಿ ಧ್ವನಿ ಆ ಕಡೆ ಹೋಗಂಗಿಲ್ಲ. ಆ ಕಡೆ ತುದಿನೂ ಎಆರ್‌ಸಿ ಅಂತ ಇದ್ದ ತೂತಿಗೇ. ಹಳೇ ಸೆಟ್ಟಿಗೆ ಅದು ಇಲ್ಲಂದ್ರ ಆಪ್ಟಿಕಲ್ ವಾಯರ್ ತರಿಸ್ರಿ. ಅದರ ತುದಿಗಿರೋ ಸಣ್ಣ ಟೊಪ್ಪಿಗಿ ತಗದು ಹಚ್ರಿ. ಆಮ್ಯಾಲೆ ಟಿವಿ ಸೆಟ್ಟಿಂಗಿನ್ಯಾಗ ಸೌಂಡ್ ಔಟ್‌ಪುಟ್‌ಗೆ ಹೋಗಿ, ನೀವು ಹಚ್ಚಿದ ವಾಯರಿನ ಹೆಸರು ಒತ್ರಿ. ಹಳೇ ಡಿವಿಡಿಯ ಕೆಂಪು, ಬಿಳಿ, ಹಳದಿ ವಾಯರ್ ಟಿವಿಯ ಎವಿ ಇನ್ ತೂತಿಗೆ ಹೋಗ್ತಾವು.

ಐದು ಸ್ಪೀಕರಿನ ಸೆಟ್ಟಿನ್ಯಾಗ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರ್ತೈತಿ. ನಾ ಅದನ್ನ ಏರಿಸಿ, ದಬದಬ ಅನ್ನೋ ಬೇಸ್ ಇಳಿಸಿದೆ. ಮರುದಿನ ಅತ್ತಿಯವರು ಧಾರಾವಾಹಿ ಸೊಸಿಗೆ ನಮಗಿಂತ ಮೊದಲ ಬೈದ್ರು. ನನಗ ಕಣ್ಣಾಗ ನೀರು ಬಂತು.

ಅವರಿಗೆ ಧಾರವಾಡ ಆಕಾಶವಾಣಿ ಅಂದ್ರ ಜೀವ. 1950ರಾಗ ಶುರುವಾದ ಸ್ಟೇಷನ್ನು, ಅವರು ಅದರ ಜೋಡೀನ ಬೆಳದವರು. ಅದನ್ನ ಫೋನಿನ್ಯಾಗ ಹಚ್ಚಿ, ಹೋಂ ಥಿಯೇಟರಿನ ರಿಮೋಟ್‌ನ್ಯಾಗ ಬ್ಲೂಟೂತ್ ಒತ್ತಿದ್ರಾತು. ಬ್ಲೂಟೂತಿಗೆ ಸಾಮಾನ್ಯವಾಗಿ ಒಂದ ಸಲಕ್ಕ ಒಂದ ಫೋನು. ಮನಿಯವರ ಫೋನು ಕೂಡಿದ್ರ ಅದನ್ನ ಬಿಡಿಸಿ ನಿಮ್ಮದು ಕೂಡಿಸ್ರಿ.

ಕಡೀಗೆ ಒಂದು ಮಾತು. ಪ್ರತಿ ವಾಯರಿಗೂ ಮಸಾಲಿ ಡಬ್ಬಿಗೆ ಹಚ್ಚಿದಂಗ ಹೆಸರಿನ ಚೀಟಿ ಹಚ್ರಿ. ಯಾವುದಕ್ಕ ಯಾವ ಬಟನ್ ಅಂತ ದೊಡ್ಡ ಅಕ್ಷರದಾಗ ಬರದು ಟಿವಿ ಬಾಜೂಕ ಅಂಟಿಸ್ರಿ. ನಾವು ಊರಾಗ ಇಲ್ಲದ ದಿನಾನೂ ಮನಿ ಹಿರೇರು ಸುಮ್ಮನ ಕುಂದ್ರಬಾರದು.