ನಂಬರು ಬರೆದ ಕಪ್ಪು ಪೆಟ್ಟಿಗೆಗಳು

ಮಿಲಿಟ್ರಿ ಸಾಮಾನನ್ನು ಚೆಂದಕ್ಕೆಂದು ಇಟ್ಟುಕೊಂಡವರನ್ನು ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಕಾಣಲಿಲ್ಲ. ಎಲ್ಲರೂ ಅದನ್ನು ಸವೆಯುವ ತನಕ ಬಳಸಿದರು. ಚನ್ನಗಿರಿಯಲ್ಲಿ ನಮ್ಮಪ್ಪನದು ಗುಜರಿ ವ್ಯಾಪಾರ. ಅಪ್ಪನ ಜೊತೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳನ್ನು ಸುತ್ತಿದ ನಾನು, ಸೈನ್ಯದ ವಸ್ತುಗಳು ಗದ್ದೆ, ಕಣ, ಕೊಟ್ಟಿಗೆಗಳಲ್ಲಿ ದುಡಿದು ಕೊನೆಗೆ ತಕ್ಕಡಿಗೆ ಬಂದು ಬೀಳುವುದನ್ನು ಕಣ್ಣಾರೆ ಕಂಡೆ. ಈಗ ಅದೇ ವಸ್ತುಗಳನ್ನು ಹುಡುಕಿಕೊಂಡು ಬೆಂಗಳೂರು, ಹುಬ್ಬಳ್ಳಿಗಳಿಂದ ಹುಡುಗರು ಬರುತ್ತಾರೆ. ಕೇಳಿದಷ್ಟು ಕೊಡಲು ಸಿದ್ಧರಿದ್ದಾರೆ, ವಸ್ತುಗಳೇ ಇಲ್ಲ. ನಡುವೆ ಏನಾಯಿತು ಎಂಬುದನ್ನು ನೋಡಿದವರು ಕಡಿಮೆಯಾಗುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಆಗ ದಾವಣಗೆರೆ ಜಿಲ್ಲೆ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿ ಇನ್ನೂ ಹೊನ್ನಾಳಿ ತಾಲೂಕಿನ ಒಂದು ಊರು. ಈ ನಾಲ್ಕನ್ನೂ ಒಂದೇ ಜಿಲ್ಲೆಗೆ ತಂದದ್ದು 1997ರ ಆಗಸ್ಟ್ 15. ಅದಕ್ಕೂ ಮೊದಲೇ ಇವನ್ನು ಒಂದು ದಾರಿ ಕಟ್ಟಿಹಾಕಿತ್ತು. ಈ ಊರುಗಳಿಗೆ ರೈಲಿರಲಿಲ್ಲ. ರಜೆಗೋ ಪಿಂಚಣಿಗೋ ಬರುವ ಸೈನಿಕ ದಾವಣಗೆರೆಯಲ್ಲೋ ಹರಿಹರದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಬಸ್ಸಿನ ಮೇಲೆ ಅವನ ಕಪ್ಪು ಕಬ್ಬಿಣದ ಟ್ರಂಕು, ಹಾಸಿಗೆ ಸುತ್ತಿ ಚರ್ಮದ ಪಟ್ಟಿ ಬಿಗಿದ ಹೋಲ್ಡಾಲು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು, ರೆಜಿಮೆಂಟು. ಟ್ರಂಕು ಕೆಳಗಿಳಿಯುವಾಗ ಊರಿನ ಹುಡುಗರೆಲ್ಲ ಅದನ್ನು ಓದುತ್ತಿದ್ದರು.

1965 ಮತ್ತು 1971ರ ಯುದ್ಧ ಕಂಡವರು ಒಬ್ಬೊಬ್ಬರಾಗಿ ಪಿಂಚಣಿಗೆ ಬರುತ್ತಿದ್ದ ಕಾಲವದು. ಅವರಿಗಿಂತ ಹಿಂದಿನ ತಲೆಮಾರಿನ, ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ಅಜ್ಜಂದಿರೂ ಅಲ್ಲೊಬ್ಬರು ಇಲ್ಲೊಬ್ಬರು ಬದುಕಿದ್ದರು. ಮನೆಗೆ ಬಂದ ವಸ್ತುಗಳಿಗೆ ಕೂಡಲೇ ಕೆಲಸ ಸಿಗುತ್ತಿತ್ತು. ಟ್ರಂಕು ಹೆಣ್ಣುಮಕ್ಕಳ ಸೀರೆಗೆ, ಜಮೀನಿನ ಪತ್ರಕ್ಕೆ. ಗುಂಡು ತುಂಬುವ ಕಬ್ಬಿಣದ ಡಬ್ಬಿ ಪಂಕ್ಚರ್ ಅಂಗಡಿಯವನ ಸ್ಪ್ಯಾನರಿಗೆ. ಆ ಡಬ್ಬಿಯ ಮುಚ್ಚಳಕ್ಕೆ ರಬ್ಬರಿನ ಅಂಚಿರುತ್ತದೆ, ಒಳಗೆ ತೇವ ಹೋಗುವುದಿಲ್ಲ. ಹಾಗಾಗಿ ಬಿತ್ತನೆ ಬೀಜ ಇಡಲು ಅದಕ್ಕಿಂತ ಒಳ್ಳೆಯದು ಇಲ್ಲ ಎಂದು ನಂಬಿದ ರೈತರಿದ್ದರು. ದಪ್ಪ ತಾಡಪಾಲು ಭತ್ತದ ರಾಶಿಯ ಮೇಲೆ, ಅಡಿಕೆ ಚೀಲದ ಮೇಲೆ. ಹಿತ್ತಾಳೆ ಬಕ್ಕಲಿನ ಕ್ಯಾನ್ವಾಸ್ ಪಟ್ಟಿಗಳು ಗಾಡಿಯ ಸಾಮಾನು ಕಟ್ಟಲು.

ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆಯ ದಡದ ರೈತರಿಗೆ ಎಲ್ಲಕ್ಕಿಂತ ಬೇಕಾದದ್ದು ಜೆರ್ರಿಕ್ಯಾನು. ಇಪ್ಪತ್ತು ಲೀಟರು ಹಿಡಿಸುವ ಈ ಕ್ಯಾನನ್ನು 1937ರ ಸುಮಾರಿಗೆ ಜರ್ಮನರು ರೂಪಿಸಿದರು. ಆಫ್ರಿಕದ ಮರುಭೂಮಿಯಲ್ಲಿ ಅದರ ಗುಣ ಕಂಡ ಬ್ರಿಟಿಷರು ಹಾಗೇ ನಕಲು ಮಾಡಿದರು. ಮೇಲೆ ಮೂರು ಹಿಡಿ. ನಡುವಿನದನ್ನು ಹಿಡಿದು ಒಬ್ಬ ಎತ್ತಬಹುದು, ಅಕ್ಕಪಕ್ಕದವನ್ನು ಹಿಡಿದು ಇಬ್ಬರು ಹೊರಬಹುದು, ಖಾಲಿಯಿದ್ದರೆ ಒಂದೊಂದು ಕೈಗೆ ಎರಡೆರಡು. ಬಾಯಿಯೊಳಗೆ ಗಾಳಿ ಹೋಗುವ ಸಣ್ಣ ಕೊಳವೆ ಇರುವುದರಿಂದ ಡೀಸೆಲ್ ಗಳಗಳ ಎಂದು ಚೆಲ್ಲದೆ ಧಾರೆಯಾಗಿ ಸುರಿಯುತ್ತದೆ. ಹೊಳೆದಂಡೆಯ ಪಂಪ್‌ಸೆಟ್ಟಿಗೆ ಕತ್ತಲಲ್ಲಿ ಡೀಸೆಲ್ ಹಾಕುವವನಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಹಾಕಿದವನಿಗೇ ಗೊತ್ತು.

ಜಗಳೂರಿನ ಬಯಲಿನ ಕಥೆ ಬೇರೆ. ಅಲ್ಲಿ ಮಳೆ ಕಡಿಮೆ, ಕುರಿ ಹೆಚ್ಚು. ಕುರಿ ಮಂದೆಯ ಜೊತೆ ರಾತ್ರಿ ಹೊಲದಲ್ಲಿ ಮಲಗುವವರು ಕಂಬಳಿಯ ಒಳಗೆ ಮಿಲಿಟ್ರಿ ಜರ್ಸಿ ತೊಡುತ್ತಿದ್ದರು. ಭುಜಕ್ಕೆ, ಮೊಣಕೈಗೆ ಬಟ್ಟೆಯ ತೇಪೆ ಹಾಕಿದ ಆ ಹಸಿರು ಜರ್ಸಿ ಮೊದಲು ಸವೆಯುವ ಜಾಗದಲ್ಲೇ ಗಟ್ಟಿಯಾಗಿರುತ್ತಿತ್ತು. ಬೇಸಿಗೆಯಲ್ಲಿ ಅವರ ಹೆಗಲಿಗೆ ಉಣ್ಣೆ ಬಟ್ಟೆ ಹೊದಿಸಿದ ನೀರಿನ ಬಾಟಲಿ. ಆ ಹೊದಿಕೆಯನ್ನು ಒದ್ದೆ ಮಾಡಿದರೆ ಒಳಗಿನ ನೀರು ಮಧ್ಯಾಹ್ನದ ತನಕ ತಂಪು. ಸೈನಿಕನಿಗೆಂದು ಮಾಡಿದ ವಸ್ತು ಕುರಿಗಾಹಿಯ ಕೈಯಲ್ಲಿ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತಿತ್ತು.

ಎಲ್ಲ ದುಡಿಮೆ ಮುಗಿದ ಮೇಲೆ ನಮ್ಮ ಅಂಗಡಿ. ಕಬ್ಬಿಣಕ್ಕೆ ಒಂದು ದರ, ಹಿತ್ತಾಳೆಗೆ ಒಂದು, ಅಲ್ಯೂಮಿನಿಯಂಗೆ ಒಂದು. ಹಳೆ ಬೆಲ್ಟಿನಿಂದ ಬಕ್ಕಲು ಕಿತ್ತು ಹಿತ್ತಾಳೆ ಗುಡ್ಡೆಗೆ ಎಸೆಯುವುದು ನನ್ನ ಕೆಲಸ. ಬಕ್ಕಲಿನ ಹಿಂದೆ, ಬಾಟಲಿಯ ತಳದಲ್ಲಿ, ಬೂಟಿನ ಅಟ್ಟೆಯಲ್ಲಿ ಮುದ್ರೆಗಳಿರುತ್ತಿದ್ದವು. ಕೆಲವದರ ಮೇಲೆ ಬ್ರಿಟಿಷರು ಬಳಕೆಗೆ ತಂದ ಬಾಣದ ಗುರುತು. ನಾಲು ಹೊಡೆದ ಬೂಟಿನಲ್ಲಿ ಕಾನ್ಪುರದ ಕೂಪರ್ ಅಲೆನ್ ಕಂಪನಿಯ ಹೆಸರು ಕಂಡದ್ದು ನೆನಪಿದೆ. ಆ ಕಂಪನಿ ಸೈನ್ಯಕ್ಕೆ ಬೂಟು ಹೊಲಿಯುತ್ತಿತ್ತು. ನಾನು ಆ ಮುದ್ರೆಗಳನ್ನು ಕಾಗದ ಒತ್ತಿ ಪೆನ್ಸಿಲ್ ತಿಕ್ಕಿ ಇಳಿಸಿಕೊಳ್ಳತೊಡಗಿದೆ. ನನ್ನ ಹವ್ಯಾಸ ಹುಟ್ಟಿದ್ದು ಹಾಗೆ.

ಒಮ್ಮೆ ಹೊನ್ನಾಳಿ ಕಡೆಯ ವಯಸ್ಸಾದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಎರಡು ಪದಕ ಮುಂದಿಟ್ಟರು. "ನೋಡಪ್ಪಾ, ಇವಕ್ಕೆ ಏನು ಬರ್ತತಿ?" ಎಂದರು. ಆರು ಮೂಲೆಯ ಹಳದಿ ಲೋಹದ ನಕ್ಷತ್ರ, ಜೊತೆಗೊಂದು ದುಂಡನೆಯ ಪದಕ. ರಿಬ್ಬನ್ನು ಮಾಸಿದ್ದರೂ ನೀಲಿ, ಕೆಂಪು, ಕಿತ್ತಳೆ ಗೆರೆ ಕಾಣುತ್ತಿದ್ದವು. ಆ ನಕ್ಷತ್ರ ಬರ್ಮಾ ಸ್ಟಾರ್, ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದವರಿಗೆ ಕೊಟ್ಟದ್ದು. ಅಪ್ಪ ಅವನ್ನು ತಕ್ಕಡಿಗೆ ಹಾಕಲಿಲ್ಲ. "ಅವ್ವಾ, ಇದು ನಮ್ಮ ಅಂಗಡಿ ಮಾಲಲ್ಲ. ಮನೇಲಿ ದೇವರ ಹತ್ರ ಇಡ್ರಿ" ಎಂದು ಚಹಾ ತರಿಸಿ ಕಳಿಸಿದರು.

ಎಲ್ಲ ಪದಕಗಳಿಗೂ ಆ ಭಾಗ್ಯ ಸಿಗಲಿಲ್ಲ. ಮೊದಲ ಮಹಾಯುದ್ಧಕ್ಕೆ ಹೋದವರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ವಾರ್ ಮೆಡಲ್ ಬೆಳ್ಳಿಯದು. ಬರಗಾಲಕ್ಕೋ ಮದುವೆಗೋ ಅಂಥವು ಅಕ್ಕಸಾಲಿಯ ಮೂಸೆಗೆ ಹೋದವು. ಅದರ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ದಳವನ್ನು ಕೊರೆದಿರುತ್ತಾರೆ. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಕೊಟ್ಟ ಸಂಗ್ರಾಮ್ ಮೆಡಲಿನಂಥ ಪದಕಗಳಿಗೂ ಇದೇ ಪದ್ಧತಿ. ಒಂದು ಪದಕ ಕರಗಿದರೆ ಒಂದು ಹೆಸರೂ ಕರಗಿತು. ಅದೇ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆಲ್ಲುವಾಗ ಜೋಧಪುರದ ಕುದುರೆ ಸವಾರರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು ಎಂದು ಪುಸ್ತಕದಲ್ಲಿ ಓದುತ್ತೇವೆ. ಆದರೆ ಯಾವ ಹಳ್ಳಿಯ ಯಾರು ಅಂದು ಕುದುರೆಯ ಮೇಲಿದ್ದರು ಎಂದು ಹೇಳಬಲ್ಲ ಸಾಕ್ಷಿ ಇಂಥ ಅಂಚುಗಳಲ್ಲೇ ಇತ್ತು.

1990ರ ದಶಕದಲ್ಲಿ ಎಲ್ಲ ಬದಲಾಯಿತು. ಪ್ಲಾಸ್ಟಿಕ್ ಕ್ಯಾನು ಬಂದು ಜೆರ್ರಿಕ್ಯಾನು ಮೂಲೆ ಸೇರಿತು. ಕಬ್ಬಿಣದ ಬೀರು ಬಂದು ಟ್ರಂಕು ಅಟ್ಟ ಹತ್ತಿತು. ಕರೆಂಟು ಮೋಟಾರು ಬಂದು ಡೀಸೆಲ್ ಪಂಪು ನಿಂತವು. ಬಳಕೆ ನಿಂತ ವಸ್ತುಗಳೆಲ್ಲ ಒಟ್ಟಿಗೆ ಗುಜರಿಗೆ ಬಂದವು, ಭದ್ರಾವತಿ, ದಾವಣಗೆರೆ ಕಡೆಗೆ ಲಾರಿಯಲ್ಲಿ ಹೋಗಿ ಕರಗಿದವು. ಅಡಿಕೆ ದುಡ್ಡು ಬಂದ ಮನೆಗಳಲ್ಲಿ ಹಳೆಯದನ್ನು ತೆಗೆದು ಮನೆ ಹೊಸದು ಮಾಡುವ ಆತುರವೂ ಸೇರಿಕೊಂಡಿತು. ಉಳಿದ ಟ್ರಂಕುಗಳಿಗೆ ಹಬ್ಬಕ್ಕೆ ಹೊಸ ಬಣ್ಣ ಬಳಿದರು. ಬಿಳಿ ಅಕ್ಷರಗಳು ಅಡಿಯಲ್ಲಿ ಮುಚ್ಚಿಹೋದವು.

ಅಸಲಿ ಹೋದ ಜಾಗಕ್ಕೆ ನಕಲು ಬಂತು. ಸಂತೆಯ ಬಟ್ಟೆ ಅಂಗಡಿಗಳಲ್ಲಿ ಎಲೆಯ ಚಿತ್ತಾರದ ಪ್ಯಾಂಟು, ಟೋಪಿ, ಬ್ಯಾಗುಗಳು ತೂಗಾಡಿದವು. ಅಡಿಕೆ ಮರ ಹತ್ತುವ ಕೊನೆಗಾರರಿಂದ ಕಾಲೇಜು ಹುಡುಗರವರೆಗೆ ಎಲ್ಲರೂ ತೊಟ್ಟರು. 2016ರ ಜನವರಿಯಲ್ಲಿ ಸೈನ್ಯದ ಬಟ್ಟೆ ತೊಟ್ಟ ಉಗ್ರರು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದ ಮೇಲೆ, ಸೈನ್ಯದ ಮಾದರಿಯ ಬಟ್ಟೆಯನ್ನು ಜನ ತೊಡಬಾರದು, ಅಂಗಡಿಯವರು ಮಾರಬಾರದು ಎಂದು ಸೈನ್ಯವೇ ಕೇಳಿಕೊಂಡಿತು. 2022ರ ಜನವರಿ 15ರ ಸೇನಾ ದಿನದಂದು ಹೊಸ ಸಮವಸ್ತ್ರ ಹೊರತಂದು, ಅದೇ ವರ್ಷ ಅದರ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಆ ವೇಷ ತೊಡುವುದು ಹಿಂದಿನ ದಂಡ ಸಂಹಿತೆಯ 140ನೇ ಕಲಮಿನಲ್ಲೂ ಅಪರಾಧವಾಗಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಹರಾಜಿನಲ್ಲಿ ಸೈನ್ಯದ ಹಳೆ ಜೋಂಗಾ ಜೀಪು, ಬುಲೆಟ್ ಬೈಕು ಕೊಳ್ಳುವ ಹುಡುಗರಿಗೂ ನಾನು ಒಂದು ನಿಯಮ ನೆನಪಿಸುತ್ತೇನೆ. ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ, ಮೋಟಾರು ವಾಹನ ನಿಯಮದಲ್ಲೇ ಹಾಗಿದೆ.

ನಕಲು ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಡೆಹ್ರಾಡೂನಿನಲ್ಲಿ 1943ರಲ್ಲಿ ಶುರುವಾದ ವಿಂಡ್‌ಲಾಸ್ ಕಂಪನಿಯವರು ಗೂರ್ಖಾ ಸೈನಿಕರಿಗೆ ಕುಕ್ರಿ ಮಾಡಿಕೊಟ್ಟವರು. ಇಂದು ಅವರ ಖಡ್ಗ, ಶಿರಸ್ತ್ರಾಣಗಳು ನಾಟಕಕ್ಕೆ, ಸಿನಿಮಾಕ್ಕೆ, ಹಳೆಯ ಯುದ್ಧಗಳನ್ನು ಆಡಿ ತೋರಿಸುವ ಹವ್ಯಾಸಿಗಳಿಗೆ ದೇಶವಿದೇಶಗಳಲ್ಲಿ ಬೇಕು. ನಕಲನ್ನು ನಕಲೆಂದೇ ಮಾರಿದರೆ ಅದು ಮರ್ಯಾದೆಯ ಕಸುಬು. ಹೊಸ ಹಿತ್ತಾಳೆಗೆ ಆಮ್ಲ ಸವರಿ, ಮಣ್ಣಲ್ಲಿ ಹೂತು, ಹಳೆಯದೆಂದು ಮಾರುವುದು ಮೋಸ. ಹೊಸಬರಿಗೆ ನಾನು ಕಲಿಸುವ ಗುರುತು ಇಷ್ಟು: ನಿಜವಾದ ಬಕ್ಕಲು ಪಟ್ಟಿ ಉಜ್ಜುವ ಜಾಗದಲ್ಲಿ ಮಾತ್ರ ಸವೆದಿರುತ್ತದೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಬಳಕೆಯ ಸವಕಳಿಯಲ್ಲ, ಯಾರೋ ಸವೆಸಿದ್ದು. ಅಚ್ಚು ಎರಕದಿಂದ ಮಾಡಿದ ನಕಲಿ ಬ್ಯಾಡ್ಜಿನ ಅಕ್ಷರಗಳ ಅಂಚು ಮೊಂಡಾಗಿರುತ್ತದೆ.

ಒಂದು ವಸ್ತು ಎಲ್ಲಿ ಸಿಕ್ಕಿತು ಎಂಬ ಸಂಗತಿ ಅದರ ಬೆಲೆಯನ್ನೇ ಬದಲಿಸಬಲ್ಲದು. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ 2018ರ ಜುಲೈನಲ್ಲಿ ಹಾಳು ಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳು. ಅವೇ ಕೊಳವೆಗಳು ಒಂದೊಂದಾಗಿ ನಮ್ಮಂಥ ಅಂಗಡಿಗೆ ಬಂದಿದ್ದರೆ ತುಕ್ಕು ಹಿಡಿದ ಪೈಪೆಂದು ಕಿಲೋ ಲೆಕ್ಕದಲ್ಲಿ ಹೋಗುತ್ತಿದ್ದವು. ಪುರಾತತ್ವ ಇಲಾಖೆಯವರು ಇದ್ದ ಜಾಗದಲ್ಲೇ ಗುರುತಿಸಿ ಎತ್ತಿದ್ದರಿಂದ ಇಂದು ಜಗತ್ತು ಅವನ್ನು ನೋಡಲು ಶಿವಮೊಗ್ಗಕ್ಕೆ ಬರುತ್ತದೆ. ಚನ್ನಗಿರಿ ಕೋಟೆಯಲ್ಲೋ ಹೊಲದಲ್ಲೋ ಗುಂಡು, ಕತ್ತಿಯ ತುಂಡು ಸಿಕ್ಕವರು ತಹಶೀಲ್ದಾರರಿಗೆ ತಿಳಿಸಬೇಕೇ ಹೊರತು ಮನೆಗೆ ಒಯ್ಯಬಾರದು ಎನ್ನುವುದು ಅದಕ್ಕೇ.

ನನ್ನ ಸಂಗ್ರಹದಲ್ಲಿ ಈಗ ಇರುವುದು ಬಹುಪಾಲು ನಂಬರುಗಳು. ಟ್ರಂಕು ಮಾರಲು ಬಂದವರ ಹತ್ತಿರ ನಾನು ಮೊದಲು ಕೇಳುವುದು, "ಇದು ಯಾರದು, ಅವರು ಎಲ್ಲಿದ್ದರು, ಯಾವಾಗ ಊರಿಗೆ ಬಂದರು?" ಹೊಸ ಬಣ್ಣವನ್ನು ಹದವಾಗಿ ಬಿಡಿಸಿದರೆ ಎಷ್ಟೋ ಸಲ ಅಡಿಯ ಬಿಳಿ ಅಕ್ಷರ ಸಿಗುತ್ತವೆ. ಸೈನಿಕನ ನಂಬರಿನ ಮೊದಲ ಅಂಕಿಗಳಿಂದ ಅವನ ರೆಜಿಮೆಂಟು ತಿಳಿಯುತ್ತದೆ. ಅಲ್ಲಿಂದ ಅವನು ನಿಂತ ಗಡಿ, ಕಂಡ ಯುದ್ಧದ ಜಾಡು ಹಿಡಿಯಬಹುದು. ಇದನ್ನೆಲ್ಲ ಮನೆಯವರ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಅವರಿಗೇ ಕೊಡುತ್ತೇನೆ. ಬರೆದದ್ದು ಓದಿದ ಮೇಲೆ ಟ್ರಂಕನ್ನು ಮಾರದೆ ವಾಪಸು ಒಯ್ದವರೇ ಹೆಚ್ಚು. ವ್ಯಾಪಾರಿಯಾಗಿ ನನಗೆ ನಷ್ಟ, ಆದರೂ ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಅದೇ.

ಸಂಗ್ರಹಕ್ಕೆ ಇಳಿಯುವ ಹುಡುಗರು ದೂರದ ಊರಿನಿಂದ ಹೊಳೆಯುವ ನಕಲು ತರಿಸಿಕೊಳ್ಳುವ ಮೊದಲು ತಮ್ಮ ಅಜ್ಜನ ಅಟ್ಟ ನೋಡಲಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಮಡಿಕೇರಿಯ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಮ್ಮ ನಾಲ್ಕು ತಾಲೂಕುಗಳ ಸಿಪಾಯಿ, ಹವಾಲ್ದಾರರಿಗೆ ಅಷ್ಟು ದೊಡ್ಡ ಮನೆ ಬೇಡ. ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಒಂದು ಗಾಜಿನ ಕಪಾಟು, ಅದರಲ್ಲಿ ನಾಲ್ಕಾರು ವಸ್ತು, ಪ್ರತಿಯೊಂದರ ಪಕ್ಕ ಅದನ್ನು ಹೊತ್ತವನ ಊರು, ಹೆಸರು, ನಂಬರು ಇದ್ದರೆ ಸಾಕು. ಚನ್ನಗಿರಿಯ ಕಪಾಟಿಗೆ ನನ್ನ ಪಾಲಿನದನ್ನು ಕೊಡಲು ಸಿದ್ಧನಿದ್ದೇನೆ. ಹೊನ್ನಾಳಿ, ನ್ಯಾಮತಿ, ಜಗಳೂರಿನವರು ಯಾರಾದರೂ ಮುಂದೆ ಬಂದರೆ, ಅಲ್ಲಿಯ ಮನೆಗಳ ಬಗ್ಗೆ ಬರೆದಿಟ್ಟ ಪುಸ್ತಕವನ್ನೂ ಅವರ ಕೈಗೆ ಒಪ್ಪಿಸುತ್ತೇನೆ.