ಬಾಲ ಕತ್ತರಿಸಿದ ಹೆಸರುಗಳು

ಮುನಿಯಪ್ಪ ಅಂತ ಹುಡುಕಿದರೆ ನಮ್ಮ ತಾತಂದಿರು ಸಿಗುವುದಿಲ್ಲ. ರಾಜಾನುಕುಂಟೆಯ ನಮ್ಮ ಕೇರಿಯ ಮುನಿಯಪ್ಪಂದಿರೆಲ್ಲ ಕಂದಾಯದ ಹಳೇ ಪುಸ್ತಕದಲ್ಲಿ ಮುನಿಗ. ಪಿಳ್ಳಪ್ಪ ಅಲ್ಲಿ ಪಿಳ್ಳಿಗ. ಊರ ಗೌಡರಿಗೆ ಮಾತ್ರ ಅಪ್ಪನೂ ಉಂಟು, ಗೌಡನೂ ಉಂಟು. ಬರೆದ ಕೈ ಶಾನುಭೋಗರದಲ್ಲವೇ!

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ ಅಂತಾರೆ. ಹುಡುಕಿದೆವು. ರೈಸ್ ಸಾಹೇಬರು 1905ರಲ್ಲಿ ಅಚ್ಚು ಹಾಕಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪುಕ್ಕಟೆ ಸಿಗುತ್ತದೆ. ದಾನ ಕೊಟ್ಟವರಿದ್ದಾರೆ, ತಗೊಂಡವರು ಗೋತ್ರ ಸಮೇತ ಇದ್ದಾರೆ. ಹೆಬ್ಬಾಳದಲ್ಲಿ ಸುಮಾರು 750ರ ವೀರಗಲ್ಲಿನ ಮೇಲೆ ಕಿತ್ತಯ್ಯ ಅನ್ನೋ ಹೆಸರನ್ನು ಇವತ್ತೂ ಓದಬಹುದು. ಕಿತ್ತಯ್ಯನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನೂರು ವರ್ಷದ ಹಿಂದಿನ ನಮ್ಮ ಮುತ್ತಜ್ಜಿಯ ಹೆಸರು ಯಾವ ಕಲ್ಲಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. ಬ್ರಿಟಿಷರ ಕಾಲದ ಜನಗಣತಿ ವರದಿಗಳಲ್ಲಿ ನಾವಿದ್ದೇವೆ, ದನ ಎಣಿಸಿದ ಹಾಗೆ, ಜಾತಿಗೆ ಇಷ್ಟು ತಲೆ ಅಂತ. ಹರಿದ್ವಾರದ ಪಂಡಾಗಳ ವಹಿಗಳಲ್ಲಿ ಯಾತ್ರೆ ಹೋದವರ ವಂಶಾವಳಿ ಇದೆ, ಅವೂ ಡಿಜಿಟಲ್ ಆಗಿವೆ. ನಮ್ಮೋರು ದೊಡ್ಡಬಳ್ಳಾಪುರದ ಸಂತೆ ದಾಟಿ ಯಾವ ಯಾತ್ರೆಗೆ ಹೋದರು?

ಕೊನೆಗೆ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಒಂದು ಹಾಳೆಯಲ್ಲಿ. ಹೆಸರು, ‘ಬಿನ್’ ಅಂತ ಅವರಪ್ಪನ ಹೆಸರು, ಪಕ್ಕದಲ್ಲಿ ‘ತೋಟಿ’, ಕೆಳಗೆ ಸರ್ವೆ ನಂಬರು. ಅಜ್ಜಿಗೆ ಓದಿ ಹೇಳಿದೆವು.

“ಅವ್ರೇ ಕಣ್ರೋ. ಗೌಡ್ರು ಹಂಗೇ ಕೂಗ್ತಿದ್ರು.”

ಬೈದ ಹೆಸರೇ ಗುರುತಾಯಿತು.

ಆ ನೆಲ ತೋಟಿ ಇನಾಮು. ಊರ ಚಾಕರಿಗೆ ಕೊಟ್ಟದ್ದು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಚಾಕರಿ ಮಾಡಿದವರು ನೆಲವನ್ನು ತಮ್ಮ ಹೆಸರಿಗೆ ಮರುಮಂಜೂರು ಮಾಡಿಸಿಕೊಳ್ಳಬಹುದಿತ್ತು. ಅದಕ್ಕೆ ದುಡ್ಡು ಬೇಕಿತ್ತು, ಅಕ್ಷರ ಬೇಕಿತ್ತು. ಎರಡೂ ಇದ್ದೋರು ಬೇರೆ ಬೀದಿಯವರು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಕೈಬಿಡದಂತೆ ತಡೆಯಲು 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ವಂಶಪಾರಂಪರ್ಯ ಹುದ್ದೆಯ ಇನಾಮನ್ನು ಅದರ ವ್ಯಾಖ್ಯೆಯಿಂದಲೇ ಹೊರಗಿಟ್ಟರು. ಹೊರಗಿಡುವುದು ನಮಗೆ ಹೊಸದಲ್ಲ ಬಿಡಿ. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂದರು. ತೋಟಿಯ ಮೊಮ್ಮಕ್ಕಳಿಗೆ ಅದೂ ದಕ್ಕುವುದಿಲ್ಲ. ನಮ್ಮ ಮೇಷ್ಟ್ರುಗಳು, ಸಂಘಟನೆಯ ಗೆಳೆಯರು ಈ ವ್ಯಾಖ್ಯೆಯನ್ನು ಒಮ್ಮೆ ಬಿಡಿಸಿ ಓದಬೇಕು.

ಆ ಸರ್ವೆ ನಂಬರಿನಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಅರ್ಜಿ ಕೊಡಲು ಹೋದೆವು. ಈ ಮುನಿಗನೂ ನಿಮ್ಮ ಮುನಿಯಪ್ಪನೂ ಒಬ್ಬನೇ ಅನ್ನೋದಕ್ಕೆ ಪುರಾವೆ ಏನು ಅಂದರು. ಅಜ್ಜಿ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ತನ್ನ ಮಾವನ ಹೆಸರಿನ ಮುಂದೆ ‘ಅಪ್ಪ’ ಬರೆದಿದ್ದೀವಾ ಅಂತ ಎರಡು ಸಲ ಕೇಳಿ, ಆಮೇಲೆ ಒತ್ತಿದಳು.