ಹಾರದೇ ಉಳಿದ ಪರಾಗ

ಪಳೆಯುಳಿಕೆ ವಿಷಯದಲ್ಲಿ ನಾವು ರಾಮಕೃಷ್ಣನಗರದವರು ಬಡವರು. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಆಗಿನ್ನೂ ಮರಗಳೇ ಇರಲಿಲ್ಲ. ಪೈನ್‌ನಂಥ ಕೋನಿಫರ್ ಮರಗಳ ಪಳೆಯುಳಿಕೆ ಬೇಕಂದ್ರೆ ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳಿಗೆ ಹೋಗಬೇಕು. ಅಲ್ಲಿ ಕಲ್ಲಾಗಿಹೋಗಿದ್ದ ಗಂಡು ಕೋನ್ ಒಂದನ್ನು 1956ರಲ್ಲಿ ವಿಷ್ಣು ಮಿತ್ರೆ ವಿವರಿಸಿ, ಬೀರಬಲ್ ಸಾಹ್ನಿಯವರ ಹೆಸರಿಟ್ಟರು. ಒಳಗೆ ಪರಾಗ ಹಾಗೇ ಇತ್ತು, ಗಾಳಿಚೀಲಗಳ ಸಮೇತ!

ಪರಾಗದ ಹೊರಗೋಡೆ ಸ್ಪೋರೊಪೊಲೆನಿನ್ ಅನ್ನೋ ಗಟ್ಟಿ ವಸ್ತುವಿನದು, ಸುಲಭಕ್ಕೆ ಕೊಳೆಯಲ್ಲ. ಹಾಗಾಗಿ ಗಾಳಿಯಲ್ಲಿ ಹಾರಿಹೋದ ಕಣಗಳೂ ಬಂಡೆಗಳಲ್ಲಿ ರಾಶಿರಾಶಿ ಸಿಗ್ತವೆ. ಆದರೆ ಯಾವ ಮರದವು? ಹೇಳೋದು ಕಷ್ಟ. ಬೆಂಗಳೂರು, ಡಲ್ಲಾಸ್ ಸೇರಿದ ಕ್ಲಾಸ್‌ಮೇಟ್‌ಗಳ ಮನೆ ಯಾವುದು ಅಂತ ಜನ ಇಲ್ಲೇ ಉಳಿದ ನನ್ನನ್ನು ಕೇಳ್ತಾರಲ್ಲ, ಹಾಗೇ ವಿಜ್ಞಾನಿಗಳೂ ಕೋನ್ ಬಿಟ್ಟು ಹೋಗದ ಕಣಗಳನ್ನೇ ಕೇಳ್ತಾರೆ.